ನಲವತ್ತರ ತನಕ

ಚಾವಿ ತಿರುವಿದರೆ ಹತ್ತುತ್ತದೆ. ಅದೇ ತಕರಾರು.
ಹತ್ತದೇ ಇದ್ದಿದ್ದರೆ ಬ್ಯಾಟರಿ ಸತ್ತಿತು ಅಂತ
ಬೈದು, ಬಾಗಿಲು ಬಡಿದು, ಬಸ್ಸು ಹಿಡಿಯಬಹುದಿತ್ತು.
ಹತ್ತುತ್ತದೆ. ಮೈಯೆಲ್ಲ ನಡುಗಿಸಿ ಎದ್ದು ನಿಲ್ಲುತ್ತದೆ,
ಕನ್ನಡಿಗೆ ಕಟ್ಟಿದ ಕರಿದಾರ ಕುಣಿಯುತ್ತದೆ,
ಸರಿಹೋಯಿತು ಅಂತ ನಾನು ಗೇರಿಗೆ ಕೈ ಹಾಕುವಷ್ಟರಲ್ಲಿ
ಎರಡು ಬಿಕ್ಕಳಿಕೆ.
ಆಮೇಲೆ ಭರಮಸಾಗರದ ಗಾಳಿ ಮಾತ್ರ.

ಹಿಂದೆ ದಾವಣಗೆರೆಯ ಭಟ್ಟಿಯಲ್ಲಿ
ಬೆಳಗಿನ ಜಾವ ಹೇರಿದ ಅರವತ್ತು ಚೀಲ ಮಂಡಕ್ಕಿ.
ತೂಕವಿಲ್ಲದ ಗುಡ್ಡ. ಹಗ್ಗ ಬಿಗಿಯದಿದ್ದರೆ
ತಾನೇ ಹಾರಿ ದುರ್ಗ ಸೇರುವ ಮಾಲು.
ಅದನ್ನೂ ಎಳೆಯಲಾರೆ ಅಂದರೆ ಏನನ್ನಬೇಕು
ಇಪ್ಪತ್ತಾರು ವರ್ಷದ ಈ ಪಿಕಪ್ಪಿಗೆ?

ಟೀ ಅಂಗಡಿ ಕೊಟ್ರಮ್ಮ ದೃಷ್ಟಿ ಅಂದಳು, ನಿಂಬೆಹಣ್ಣು ಕೊಟ್ಟಳು,
ಐದು ರೂಪಾಯಿ ತಗೊಂಡಳು.
ಲಾರಿಯವನೊಬ್ಬ ಇಳಿದು ಫಿಲ್ಟರ್ ಬಿಚ್ಚಿದ, ಊದಿದ, ಹಾಕಿದ.
ಇನ್ನೊಬ್ಬ, ಏರ್ ಹಿಡಿದೈತಿ ಅಂತ, ನೊರೆ ಹೋಗಿ
ಬರಿ ಡೀಸೆಲ್ ಚಿಮ್ಮುವ ತನಕ ಪಂಪು ಒತ್ತಿದ.
ಪಂಪೇ ಹೋಗೇತಿ, ಇಪ್ಪತ್ತು ಸಾವಿರ, ಅಂದವನು
ದುಡ್ಡು ನನ್ನದಾದ್ದರಿಂದ ಸಲೀಸಾಗಿ ಅಂದು ಹೋದ.
ಎಲ್ಲರ ಕೈಗೂ ಹತ್ತಿತು.
ಎಲ್ಲರಿಗೂ ಗೆದ್ದ ಮುಖ ಕೊಟ್ಟು, ಆರಿತು.

ಮೌನೇಶಾಚಾರಿ ಬಂದಾಗ ಹನ್ನೊಂದೂವರೆ.
ಲೂನಾ ಮೇಲೆ, ಕಾಲ ಸಂದಿಯಲ್ಲಿ ಖಾಲಿ ಕ್ಯಾನು.
ಬಾನೆಟ್ ಎತ್ತಲಿಲ್ಲ, ಪಾನಾ ಮುಟ್ಟಲಿಲ್ಲ.
"ಎಷ್ಟರ ತನಕ ಬದುಕ್ತೈತಿ?"
ಅಂದರೆ?
"ಎಣಿಸು."

ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಜೋರಾಗಿ ಎಣಿಸಿದೆ.
ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು. ಬಿಕ್ಕಳಿಕೆ.
ಕೂಡಲೇ ತಿರುವಿದರೆ ಹನ್ನೆರಡು.
ಆತ ಬೀಡಿ ಸೇದಿ ಮುಗಿಸಿದ ಮೇಲೆ ತಿರುವಿದರೆ
ಮತ್ತೆ ಸರಿಯಾಗಿ ನಲವತ್ತು.

ಆಗ ನಕ್ಕ.
"ಇಂಜಿನ್ ಗಟ್ಟಿ ಐತಿ. ಉಣ್ಣೋ ಹೊತ್ತಿಗೆ ಯಾರೋ ಬಾಯಿ ಮುಚ್ತಾರೆ.
ಎಳೆದಾಗ ಬಂದು ಅಂಟ್ಕೊಂತಾರೆ,
ಎಳೆಯೋದು ನಿಲ್ಲಿಸಿದ್ರೆ ಹಂಗೇ ತೇಲಿ ದೂರ ಹೋಗ್ತಾರೆ."

ಖಾಲಿ ಚೀಲ ಹಾಸಿ ಟ್ಯಾಂಕಿನಡಿ ಮಲಗಿದ.
ಕ್ಯಾನು ತುಂಬಿತು. ಕೊಟ್ರಮ್ಮ ನೀರಿನ ಕೊಡ ಕೊಡೆನೆಂದು
ಮಿರ್ಚಿ ಎಣ್ಣೆಯ ಖಾಲಿ ಡಬ್ಬಿ ಕೊಟ್ಟಳು.
ಹೆಗಲ ಟವೆಲಿನ ಮೂಲಕ ಸೋಸುತ್ತ ಸೋಸುತ್ತ
ನನ್ನ ಎರಡು ದಿನದ ಬಾಡಿಗೆ ಸಣ್ಣಗೆ ಇಳಿಯಿತು,
ತುಕ್ಕಿನ ಪುಡಿ, ಸತ್ತ ಇರುವೆ,
ಕೊನೆಗೆ ಬಟ್ಟೆಯ ಮೇಲೆ ಉಳಿದದ್ದು
ಅಂಗೈಗಿಂತ ಚಿಕ್ಕ ಪ್ಲಾಸ್ಟಿಕ್ ಚೂರು.
ಹಸಿರು ಅಕ್ಷರ: ಗರಿ.
ಇನ್ನೊಂದು ಗರಿ ಹರಿದುಹೋಗಿತ್ತು.

ನಮ್ಮ ಭಟ್ಟಿಯದೇ ಕವರು.
ಹೋದ ತಿಂಗಳು ಹಿರಿಯೂರಿನ ಬಂಕಿನಲ್ಲಿ ಮುಚ್ಚಳ ಮರೆತು ಬಂದವನು,
ಹೊಸದಕ್ಕೆ ಇನ್ನೂರು ಯಾಕೆ ಅಂದವನು,
ಕವರು ಹಾಕಿ ಸೈಕಲ್ ಟ್ಯೂಬಿನಿಂದ ಬಿಗಿದವನು
ನಿಂತು ಕೈ ಒರೆಸಿಕೊಂಡೆ.
ಆಚಾರಿ ಕೇಳಲಿಲ್ಲ. ಟ್ಯಾಂಕಿನ ಕೊರಳಲ್ಲಿ
ಇನ್ನೂ ಇದ್ದ ರಬ್ಬರಿನ ಸುತ್ತು ನೋಡಿದ,
ನನ್ನನ್ನು ಅದಕ್ಕಿಂತ ಕಡಿಮೆ ಹೊತ್ತು ನೋಡಿದ.

"ನೂರು ಕೊಡು. ಮತ್ತೆ ನಾಕು ಸೇರು ಮಂಡಕ್ಕಿ.
ಹಸಿಮೆಣಸಿನಕಾಯಿ ಮನೇಲಿ ಐತಿ."

ಸಿರಿಗೆರೆ ಕ್ರಾಸು ದಾಟಿದೆ, ಎಣಿಸುತ್ತಲೇ.
ನಲವತ್ತು ಬಂತು: ಎಕ್ಸಲೇಟರ್ ಮೇಲಿನ ಕಾಲು
ಯಾಕೋ ತಾನೇ ಹಗುರಾಯಿತು.
ನಲವತ್ತೊಂದು.
ಹಿಂದೆ ಚೀಲಗಳು ಒಂದಕ್ಕೊಂದು ಒರೆದು ಪಿಸುಗುಡುತ್ತಿದ್ದವು,
ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು
ಸಾವಕಾಶ ತಿರುಗುತ್ತಿದ್ದವು, ಒಂದು ಮಾತ್ರ ನಿಂತಿತ್ತು.
ಆರುನೂರಾ ಎಷ್ಟೋ ಆಗಿತ್ತು, ಲಕ್ಷ್ಮೀಸಾಗರದ ಹತ್ತಿರ
ಎಮ್ಮೆಯೊಂದು ಅಡ್ಡ ಬಂತು,
ಲೆಕ್ಕ ತಪ್ಪಿತು.